ಇಬ್ಬರು ಮೆಚ್ಚಿದ ಕಾದಂಬರಿಯ ವಿಚಾರಣೆ

ಬೇರೆ ಬೇರೆ ರಾಜಕೀಯ ಒಲವಿನ ಇಬ್ಬರು ಒಂದೇ ವಿಜ್ಞಾನ ಕಾದಂಬರಿಯನ್ನು ಮೆಚ್ಚುವುದು ಸಾಧ್ಯವಿಲ್ಲ ಎಂಬುದು ಅವಳಿ ನಗರ ಸಾರ್ವಜನಿಕ ವಾಚನಾಭಿವೃದ್ಧಿ ಸಂಘದ ಆಡಳಿತ ಮಂಡಳಿಯಲ್ಲಿ ಸರ್ವಾನುಮತದಿಂದ ಅಂಗೀಕಾರವಾದ ಸತ್ಯ. ಹೀಗಿರುವಾಗ, ವಿದ್ಯಾನಗರದ ಗಂಗಪ್ಪನವರೂ ಹಳೇ ಹುಬ್ಬಳ್ಳಿಯ ಗೌಸಮೊದ್ದೀನರೂ ‘ಶನಿಯಾಚೆಯ ಊರು’ ಎಂಬ ಒಂದೇ ಕಾದಂಬರಿಯನ್ನು ಮೆಚ್ಚಿಕೊಂಡಿದ್ದಾರೆ ಎಂಬ ವರದಿ ಬಂದಾಗ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮಂಡಳಿ ತೀರ್ಮಾನಿಸಿದ್ದು ಸಹಜವೇ ಆಗಿತ್ತು. ಆ ಒಬ್ಬರು ಯಾರು ಎಂಬುದನ್ನು ಪತ್ತೆ ಹಚ್ಚುವುದಷ್ಟೇ ಬಾಕಿ ಉಳಿದಿತ್ತು.

ಗಂಗಪ್ಪನವರಿಗೂ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಅವರು ಶಿಕ್ಷಣ ಇಲಾಖೆಯಲ್ಲಿ ಅಧೀಕ್ಷಕರಾಗಿ ನಿವೃತ್ತರಾದವರು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದೂ ಬರೆದೂ ಅವರ ಯೋಚನೆಗೂ ಆ ಧಾಟಿ ಅಂಟಿಕೊಂಡಿತ್ತು. ನಿಯಮ ಎಂದರೆ ಅವರಿಗೆ ಗೌರವ. ಕೆಟ್ಟ ನಿಯಮವಾದರೆ ಸ್ವಲ್ಪ ಹೆಚ್ಚೇ ಗೌರವ, ಯಾಕೆಂದರೆ ಅದನ್ನು ಪಾಲಿಸುವುದು ಕಷ್ಟ. ಅವರಿಗಿದ್ದ ಚಟ ಒಂದೇ, ಆಕಾಶದಾಚೆ ಹೋಗುವ ಹಡಗುಗಳ ಕಾದಂಬರಿಗಳನ್ನು ಓದುವುದು. “ಇಲ್ಲಿ ನಳಕ್ಕ ನೀರು ಬಂದು ವಾರಾತು. ನೀವು ಮಂಗಳದಾಗ ನೀರು ಹುಡುಕಾಕತ್ತೀರಿ” ಎಂದು ಹೆಂಡತಿ ಅಕ್ಕವ್ವ ಅಂದರೆ, ಅವರು ಪುಸ್ತಕದಿಂದ ತಲೆಯೆತ್ತದೆ, “ಎರಡೂ ಕಡೆ ಹುಡುಕೂದು ನಡದೈತಿ” ಅನ್ನುತ್ತಿದ್ದರು.

ಗೌಸಮೊದ್ದೀನರು ದುರ್ಗದಬೈಲಿನ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದವರು. ಈಗ ಆ ಅಂಗಡಿಯಲ್ಲಿ ಅವರ ಮಗ ಮೊಬೈಲಿಗೆ ಕವರು ಹಾಕುತ್ತಾನೆ. ಇದೂ ಒಂದು ಥರ ರಟ್ಟು ಕಟ್ಟುವುದೇ ಎಂದು ಅವನ ಸಮಾಧಾನ, ಅಪ್ಪನದಲ್ಲ. ಹೀಗಾಗಿ ಗೌಸಮೊದ್ದೀನರ ಹಗಲುಗಳೆಲ್ಲ ಸಂಘದ ವಿದ್ಯಾನಗರ ವಾಚನಾಲಯದ ಹಿಂಬದಿಯ ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಕಳೆಯುತ್ತಿದ್ದವು. ಗಂಗಪ್ಪನವರು ಸಿಕ್ಕಿದ್ದೂ ಅಲ್ಲಿಯೇ. ಇಬ್ಬರಿಗೂ ಅದೊಂದೇ ಜಾಗ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೂಡುವಷ್ಟು ಕೋಣೆ ಯಾರ ಮನೆಯಲ್ಲೂ ಇರಲಿಲ್ಲ.

ವಾಚನಾಲಯಕ್ಕೆ ವಿಜ್ಞಾನ ಕಾದಂಬರಿ ಬಂದರೆ ಒಂದೇ ಪ್ರತಿ ಬರುತ್ತಿತ್ತು. ಇಬ್ಬರಿಗೂ ಅವಸರ. ಅದಕ್ಕೆ ಗೌಸಮೊದ್ದೀನರು ಒಂದು ಉಪಾಯ ಹುಡುಕಿದ್ದರು. ಗ್ರಂಥಪಾಲಕಿ ನೀಲಾಳ ಒಪ್ಪಿಗೆ ಪಡೆದು, ದಪ್ಪ ಕಾದಂಬರಿಯ ಹೊಲಿಗೆ ಬಿಚ್ಚಿ, ಒಂದು ಅಧ್ಯಾಯ ಮುಗಿಯುವ ಕಡೆ ಎರಡು ಮಾಡಿ, ಬೆನ್ನಿಗೆ ಗರಗದ ಖಾದಿ ಬಟ್ಟೆ ಹಚ್ಚಿ, ಎರಡು ಪುಸ್ತಕ ಮಾಡಿಕೊಡುತ್ತಿದ್ದರು. ಮೊದಲರ್ಧ ಅವರು ಓದಿ ಗಂಗಪ್ಪನವರಿಗೆ ದಾಟಿಸಿ ತಾವು ಎರಡನೆಯದನ್ನು ಹಿಡಿಯುತ್ತಿದ್ದರು. ಮುಂದೆ ಏನಾಯಿತು ಎಂದು ಅವರು ಹೇಳಬಾರದು, ಇವರು ಕೇಳಬಾರದು. ಹೇಳದೆ ಕೂತು, ಓದುತ್ತಿರುವ ಗಂಗಪ್ಪನವರ ಮುಖ ನೋಡುವುದರಲ್ಲೇ ಗೌಸಮೊದ್ದೀನರಿಗೆ ಕಾದಂಬರಿಯ ಅರ್ಧ ಸುಖ ಸಿಗುತ್ತಿತ್ತು.

‘ಶನಿಯಾಚೆಯ ಊರು’ ಕಾದಂಬರಿಯಲ್ಲಿ ಒಂದು ಇಡೀ ಊರಿನ ಜನ ಹಡಗು ಹತ್ತಿ ಹೊಸ ಲೋಕಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಹಳೆಯ ಊರಿನ ಓಣಿ, ಸಂತೆ, ಬೇಸಿಗೆಯ ಮಾವು ಎಲ್ಲ ನೆನೆದು ಅಳುತ್ತಾರೆ, ಜಗಳಾಡುತ್ತಾರೆ. ಮೊದಲರ್ಧದ ಕೊನೆಯ ಪುಟದಲ್ಲಿ ಒಬ್ಬ ಸಣ್ಣ ಹುಡುಗಿ ಎದ್ದುನಿಂತು, ಹೊಸ ಊರಿನ ಬಾವಿಯಲ್ಲಿ ಮೊದಲು ನೀರು ಸೇದುವವರು ಯಾರು ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಅರ್ಧ ಅಲ್ಲಿಗೆ ಮುಗಿಯುತ್ತದೆ.

ಗಂಗಪ್ಪನವರು ಆ ಪುಟವನ್ನು ಇನ್ನೊಮ್ಮೆ ಓದಿದರು. ಅವರ ಅಪ್ಪ ಊರ ಬಾವಿಯ ಕಟ್ಟೆ ಹತ್ತಿದವರಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಪುಣ್ಯಾತ್ಮರು ಬಂದು ಸುರಿಯಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದವರು. ಆ ಹುಡುಗಿಗೆ ಏನು ಉತ್ತರ ಸಿಕ್ಕಿತು ಎಂಬುದು ಅವರಿಗೆ ಬೇಕಾಗಿತ್ತು. ಯಾವ ಬಡ್ತಿಗೂ, ಯಾವ ಬಾಕಿ ಭತ್ಯೆಗೂ ಅವರು ಅಷ್ಟು ಹಂಬಲಿಸಿರಲಿಲ್ಲ.

ಸರಿಯಾಗಿ ಆ ವಾರವೇ ಒಲವಿನ ನಿಯಮಾವಳಿ ಜಾರಿಗೆ ಬಂತು.

ಸಂಘದ ಅಧ್ಯಕ್ಷರು ಪ್ರೊಫೆಸರ್ ಅಂಬರೀಷ, ಧಾರವಾಡದವರು, ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ‘ಓದುಗನ ರಾಜಕೀಯ ಒಲವು ಮತ್ತು ವಿಜ್ಞಾನ ಕಾದಂಬರಿಯ ಆಸ್ವಾದನೆ’ ಎಂಬ ವಿಷಯವಾಗಿ ಸಂಶೋಧನೆ ನಡೆಸಲು ದೂರದ ಒಂದು ಪ್ರತಿಷ್ಠಾನ ಸಂಘಕ್ಕೆ ಅನುದಾನ ಮಂಜೂರು ಮಾಡಿತ್ತು. ಆರ್ಥಿಕ ವರ್ಷ ಮುಗಿಯುತ್ತ ಬಂದಿದ್ದರಿಂದ ಫಲಿತಾಂಶವನ್ನು ಮೊದಲು ಕಳಿಸಿ, ಸಂಶೋಧನೆಯನ್ನು ಅನುಕೂಲ ನೋಡಿ ಮಾಡಿ ಎಂದು ಪ್ರತಿಷ್ಠಾನ ತಿಳಿಸಿತು. ಅಧ್ಯಕ್ಷರು ಫಲಿತಾಂಶ ಕಳಿಸಿದರು. ಅನುದಾನ ಬಂತು. ಇನ್ನು ಓದುಗರು ಅದಕ್ಕೆ ತಕ್ಕಂತೆ ಓದುವುದೊಂದು ಉಳಿದಿತ್ತು.

ಒಲವು ಎಂದರೇನು ಎಂಬುದನ್ನು ನಿಯಮಾವಳಿ ಸ್ಪಷ್ಟಪಡಿಸಿತ್ತು. ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರು ಗತನಿಷ್ಠರು. ಮುಂದೆ ಚೆನ್ನಾಗುತ್ತದೆ ಎನ್ನುವವರು ಭಾವಿನಿಷ್ಠರು. ಈಗ ಚೆನ್ನಾಗಿದೆ ಎನ್ನುವವರಿಗೂ ಒಂದು ವರ್ಗ ಇಡಲಾಗಿತ್ತು. ಅವಳಿ ನಗರದಲ್ಲಿ ಅಂಥವರು ಒಬ್ಬರೂ ಸಿಗದ ಕಾರಣ ಅದನ್ನು ಕೈಬಿಡಲಾಯಿತು. ಪ್ರತಿಯೊಬ್ಬ ಓದುಗನ ಕಾರ್ಡಿನ ಮೇಲೆ ಒಲವಿನ ರಬ್ಬರ್ ಶಿಕ್ಕೆ ಬೀಳಬೇಕು, ಮತ್ತು ಪುಸ್ತಕ ತಿರುಗಿ ಕೊಡುವಾಗ ಅದು ಹಿಡಿಸಿತೋ ಇಲ್ಲವೋ ಎಂದು ಗ್ರಂಥಪಾಲಕಿ ಬಾಯಿಬಿಟ್ಟು ಕೇಳಬೇಕು.

ನೀಲಾ ಕೇಳಿದಳು. ಗಂಗಪ್ಪನವರು, “ನಮಗ ಹಿಂದ ಏನಿತ್ತವ್ವಾ, ಛಲೋ ಇತ್ತು ಅನ್ನಾಕ? ಇದ್ದದ್ದೆಲ್ಲಾ ಮುಂದ ಐತಿ” ಎಂದು ಭಾವಿನಿಷ್ಠರಾದರು. ಗೌಸಮೊದ್ದೀನರು, “ಆಗ ಪುಸ್ತಕಕ್ಕ ಹೊಲಿಗಿ ಇತ್ತು, ಓಣ್ಯಾಗ ಮಾತು ಇತ್ತು. ಈಗ ಎರಡೂ ಇಲ್ಲ” ಎಂದು ಗತನಿಷ್ಠರಾದರು. ಆಮೇಲೆ ಅವಳು, ‘ಶನಿಯಾಚೆಯ ಊರು’ ಹಿಡಿಸಿತೇ ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ, “ಹಿಡಸ್ತು” ಅಂದುಬಿಟ್ಟರು.

ಅರ್ಧ ಗಂಟೆಯೊಳಗೆ ಕಾದಂಬರಿಯ ಎರಡೂ ಅರ್ಧಗಳನ್ನು ಜಪ್ತಿ ಮಾಡಿ ಕಪಾಟಿಗೆ ಬೀಗ ಹಾಕಲಾಯಿತು. ಗೌಸಮೊದ್ದೀನರು ಅಷ್ಟರಲ್ಲಿ ಎರಡನೆಯ ಅರ್ಧವನ್ನೂ ಓದಿ ಮುಗಿಸಿದ್ದರು. ಗಂಗಪ್ಪನವರು ಓದಿರಲಿಲ್ಲ.

“ಕಾಕಾರ, ನಾ ಏನ್ ಮಾಡ್ಲಿ ಹೇಳ್ರಿ” ಎಂದಳು ನೀಲಾ, ಗುತ್ತಿಗೆಯ ಮೇಲೆ ಕೆಲಸಕ್ಕಿದ್ದವಳು. “ಸುಳ್ಳು ಹೇಳಿದವರ ಮೆಂಬರಶಿಪ್ ಜೀವನಪೂರ್ತಿ ರದ್ದಂತ. ವಾಚನಾಲಯದ ಆವಾರದಾಗೂ ಕಾಲಿಡಂಗಿಲ್ಲಂತ.”

“ಬೆಂಚಿಗೆ ಬರಬಹುದೇನು?” ಎಂದರು ಗಂಗಪ್ಪನವರು.

“ಬೆಂಚ್ ಆವಾರದಾಗ ಐತಲ್ರಿ.”

ವಿಚಾರಣೆ ರಾಯಾಪುರದಲ್ಲಿ ನಡೆಯಿತು. ಮಂಡಳಿಯಲ್ಲಿ ಹುಬ್ಬಳ್ಳಿಯವರು ಅರ್ಧ, ಧಾರವಾಡದವರು ಅರ್ಧ. ಸಭೆಗೆ ಅವರ ಊರಿಗೆ ಇವರು ಹೋಗುವುದಿಲ್ಲ, ಇವರ ಊರಿಗೆ ಅವರು ಬರುವುದಿಲ್ಲ. ಆದಕಾರಣ ಎಲ್ಲ ಮಹತ್ವದ ನಿರ್ಣಯಗಳೂ ನಡುದಾರಿಯ ರಾಯಾಪುರದಲ್ಲಿ, ಬಾಡಿಗೆಗೆ ಹಿಡಿದ ಒಂದು ಮದುವೆ ಕಾರ್ಯಾಲಯದ ಊಟದ ಹಾಲಿನಲ್ಲಿ ಆಗುತ್ತಿದ್ದವು. ಆ ದಿನ ಬಸುರಿಯೊಬ್ಬಳ ಕುಬಸದ ಕಾರ್ಯಕ್ರಮ ಮುಗಿದಿತ್ತಷ್ಟೆ. ನ್ಯಾಯಪೀಠದ ಹಿಂದೆ ಇನ್ನೂ ಬಳೆಯ ಅಲಂಕಾರ ಇತ್ತು.

“ಕೂಡ್ರಿ ಗಂಗಪ್ಪನವರ” ಎಂದರು ಅಧ್ಯಕ್ಷರು. “ಹಡಗಿನ ಮಂದಿ ಹಳೇ ಊರು ನೆನಸಿ ಅಳತಾರಲ್ಲ, ಆ ಭಾಗ ನಿಮಗ ಹೆಂಗನಸ್ತು?”

“ಭಾಳ ಛಲೋ ಅನಸ್ತರಿ ಸರ್. ನಾನೂ ಅತ್ತೆ.”

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಭಾವಿನಿಷ್ಠರು ಅಲ್ಲಿ ಅಳಬಾರದಲ್ರಿ” ಎಂದರು ಅಧ್ಯಕ್ಷರು.

“ಅಳೂಮುಂದ ನೆನಪಾಗಲಿಲ್ರಿ ಸರ್.”

“ಹಿಂದಿನ ಕಾಲ ನಿಮಗ ಬ್ಯಾಡ. ಆದ್ರ ಹಿಂದಿನ ಕಾಲಕ್ಕ ಅಳತೀರಿ. ಇದರ ಅರ್ಥ ಏನ್ರಿ?”

ಗಂಗಪ್ಪನವರು ಯೋಚಿಸಿದರು. “ನಮ್ಮವ್ವ ಸುದ್ದಾ ಅಲ್ಲೇ ಇದ್ಲಲ್ರಿ, ಹಿಂದಿನ ಕಾಲದಾಗ” ಎಂದರು. ಇದು ಪ್ರಶ್ನೆಗೆ ಸಂಬಂಧಪಟ್ಟ ಉತ್ತರವಲ್ಲವೆಂದು ದಾಖಲಾಯಿತು.

ಆಮೇಲೆ ಗೌಸಮೊದ್ದೀನರನ್ನು ಒಳಗೆ ಕರೆದು ಗಂಗಪ್ಪನವರನ್ನು ಹೊರಗೆ ಕೂಡಿಸಿದರು. ಕಾರ್ಯಾಲಯದ ಗೋಡೆ ತೆಳು. ಅಧ್ಯಕ್ಷರು ಎರಡನೆಯ ಅರ್ಧದ ಬಗ್ಗೆ ದೊಡ್ಡ ದನಿಯಲ್ಲಿ ಪ್ರಶ್ನೆ ಕೇಳತೊಡಗಿದರು. “ಹೊಸ ಊರಿಗೆ ಇಳದ ಮ್ಯಾಲೆ ಆ ಹುಡುಗಿ...” ಎಂಬಷ್ಟು ಕೇಳಿದ್ದೇ ಗಂಗಪ್ಪನವರು ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, ಹಳೆಯ ಸುತ್ತೋಲೆಗಳನ್ನು ಬಾಯಿಪಾಠ ಹೇಳತೊಡಗಿದರು. ಬಾಗಿಲಲ್ಲಿದ್ದ ಸಂಘದ ಸಿಪಾಯಿ ಒಳಗೆ ಹೋಗಿ, ಆರೋಪಿ ಹೊರಗೆ ಮೌನ ಪ್ರತಿಭಟನೆ ನಡೆಸಿದ್ದಾನೆ, ಬಾಯಿ ಮಾತ್ರ ಮುಚ್ಚಿಲ್ಲ ಎಂದು ವರದಿ ಮಾಡಿದ.

ತಿರುಗಿ ಹೋಗುವಾಗ ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಗೌಸಮೊದ್ದೀನರ ಬಾಯಿ ತುದಿಗೆ ಉತ್ತರ ಬಂದು ನಿಂತಿತ್ತು. “ಗಂಗಪ್ಪಣ್ಣ, ಪುಸ್ತಕ ಮತ್ತ ಕೈಗೆ ಸಿಗತದೋ ಇಲ್ಲೋ. ಹೇಳಿಬಿಡ್ಲೇನು?”

“ಬ್ಯಾಡ ಗೌಸಭಾಯಿ.”

“ಒಂದ ಮಾತು ಐತಿ.”

“ಆ ಒಂದು ಮಾತಿಗೇ ಕಾಯಾಕತ್ತೇನಿ. ಓದ್ತೇನಿ” ಎಂದು ಗಂಗಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಆದರೆ ಮನೆಗೆ ಹೋದಮೇಲೆ ಅವರಿಗೆ ಊಟ ರುಚಿಸಲಿಲ್ಲ. ಗೌಸನ ಬೆಂಚು ಹೋದರೆ ಅವನು ಎಲ್ಲಿ ಕೂಡಬೇಕು? ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆಯೇ? ಬೆಳಗಾಗುತ್ತಲೇ ಅವರು ಒಂದು ಹೇಳಿಕೆ ಬರೆದು ನೀಲಾಳ ಮುಂದಿಟ್ಟರು. ಮೇಲ್ಕಾಣಿಸಿದ ಕಾದಂಬರಿಯು ತಮಗೆ ಹಿಡಿಸಿರುವುದಿಲ್ಲ, ಹಿಡಿಸಿತೆಂದು ಹೇಳಿದ್ದು ಅಚಾತುರ್ಯದಿಂದ, ಅತ್ತದ್ದು ಕಣ್ಣಿನ ತೊಂದರೆಯಿಂದ.

ನೀಲಾ ಓದಿ ತಲೆ ಮೇಲೆ ಕೈಯಿಟ್ಟುಕೊಂಡಳು. “ಗೌಸ ಕಾಕಾರೂ ಈಗ ಇಂಥಾದ್ದ ಕೊಟ್ಟು ಹೋದ್ರಲ್ರಿ!”

ಗಂಗಪ್ಪನವರಿಗೆ ಮೊದಲು ಅನಿಸಿದ್ದು, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಸಿಟ್ಟು. ಗೌಸನಿಗೆ ಹಿಡಿಸಲಿಲ್ಲವೆ? ಅಂಥ ಕಾದಂಬರಿ? ಎಷ್ಟು ಚಂದ ಹೊಲಿದಿದ್ದ! ಹೊಲಿದದ್ದು ನೆನಪಾದ ಮೇಲೆ, ಗೌಸನೂ ತಮ್ಮಂತೆಯೇ ಗೆಳೆಯನಿಗಾಗಿ ಸುಳ್ಳು ಬರೆದದ್ದು ಅವರಿಗೆ ಅರ್ಥವಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. ಈ ಸಲ ಕಣ್ಣಿನ ತೊಂದರೆ ನಿಜವಾಗಿಯೇ ಇತ್ತು.

ಎರಡೂ ಹೇಳಿಕೆಗಳನ್ನು ಮಂಡಳಿ ಸಂತೋಷದಿಂದ ಅಂಗೀಕರಿಸಿತು. ಒಬ್ಬ ಸುಳ್ಳುಗಾರನನ್ನು ಹುಡುಕಹೋದ ಕಡೆ ಇಬ್ಬರು ಸತ್ಯವಂತರು ಸಿಕ್ಕಿದ್ದರು. ಇಬ್ಬರ ಸದಸ್ಯತ್ವವೂ ಉಳಿಯಿತು. ಹೀಗೆ ‘ಶನಿಯಾಚೆಯ ಊರು’ ಯಾವ ಒಲವಿನವರಿಗೂ ಹಿಡಿಸದ ಕಾದಂಬರಿ ಎಂದು ಸಾಬೀತಾಯಿತು. ಅಂಥ ಪುಸ್ತಕಗಳನ್ನು ರದ್ದಿಗೆ ಹಾಕಬೇಕೆಂದು ನಿಯಮ ಇತ್ತು.

ಗಂಗಪ್ಪನವರು ಆ ಸುದ್ದಿ ಕೇಳಿ ಒಂದು ಲೋಟ ನೀರು ಕುಡಿದರು. ಆಮೇಲೆ ನಿಯಮಾವಳಿಯನ್ನು ಮನೆಗೆ ಒಯ್ದು, ಮೂಗಿನ ತುದಿಗೆ ಹಿಡಿದು ಓದಿದರು. ಜೀವಮಾನದಲ್ಲಿ ಕಲಿತ ವಿದ್ಯೆ ಆ ದಿನ ಉಪಯೋಗಕ್ಕೆ ಬಂತು. ಎರಡು ರಟ್ಟುಗಳ ನಡುವೆ ಇರುವುದೆಲ್ಲ ಒಂದು ಪುಸ್ತಕ ಎಂದು ಒಂದು ಕಡೆ ಬರೆದಿತ್ತು. ಅವರು ಮೇಲ್ಮನವಿ ಬರೆದರು: ಸದರಿ ಕಾದಂಬರಿಗೆ ಗೌಸಮೊದ್ದೀನರು ಎರಡು ಜೊತೆ ರಟ್ಟು ಕಟ್ಟಿರುವುದರಿಂದ ಅದು ಒಂದು ಪುಸ್ತಕವಲ್ಲ, ಎರಡು. ಹಳೆಯ ಊರನ್ನು ನೆನೆಯುವ ಪೂರ್ವಾರ್ಧ ಗತನಿಷ್ಠರಿಗೆ ಹಿಡಿಸಬಹುದು. ಹೊಸ ಊರನ್ನು ಕಟ್ಟುವ ಉತ್ತರಾರ್ಧ ಭಾವಿನಿಷ್ಠರಿಗೆ ಹಿಡಿಸಬಹುದು. ಒಂದೇ ಪುಸ್ತಕವನ್ನು ಇಬ್ಬರು ಮೆಚ್ಚಿದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆದ್ದರಿಂದ ಪುಸ್ತಕ ಉಳಿಸಿ, ಉತ್ತರಾರ್ಧವನ್ನು ತಮಗೆ ಎರವಲು ಕೊಡಬೇಕು.

ಮೇಲ್ಮನವಿ ಓದಿದ ಅಂಬರೀಷರು ಎದ್ದುನಿಂತು ಚಪ್ಪಾಳೆ ತಟ್ಟಿದರೆಂದು ಸಿಪಾಯಿ ಆಮೇಲೆ ಹೇಳಿದ. ಗಂಗಪ್ಪನವರಿಗೆ ಉತ್ತರಾರ್ಧ ಮಂಜೂರಾಯಿತು.

ಬೇವಿನ ಗಿಡದ ಕೆಳಗೆ ಅವರು ಅದನ್ನು ಓದುವಾಗ ಗೌಸಮೊದ್ದೀನರು ಪಕ್ಕದಲ್ಲಿ ಕೂತು, ಎಂದಿನಂತೆ, ಅವರ ಮುಖ ನೋಡುತ್ತಿದ್ದರು. ಕೊನೆಯ ಪುಟದಲ್ಲಿ ಬಾವಿ ತೋಡಿ ಮುಗಿಯುತ್ತದೆ. ಎಲ್ಲರೂ ಸುತ್ತ ನಿಲ್ಲುತ್ತಾರೆ. ಆ ಹುಡುಗಿ ಯಾರನ್ನೂ ಕೇಳದೆ ಹಗ್ಗ ಹಿಡಿದು, ಮೊದಲ ಕೊಡ ಸೇದಿ, ತಾನು ಕುಡಿದು, ಮುಂದಿನವರ ಕೈಗೆ ಹಗ್ಗ ಕೊಡುತ್ತಾಳೆ.

“ಸೇದಿದಳು” ಎಂದರು ಗಂಗಪ್ಪನವರು. “ಗೌಸಭಾಯಿ, ಯಾರನ್ನೂ ಕೇಳಲಿಲ್ಲ ಆಕಿ. ಸೀದಾ ಹೋಗಿ ಸೇದಿದಳು.”

“ನಾ ಹೇಳಿದ್ದಿಲ್ಲ ನೋಡು” ಎಂದರು ಗೌಸಮೊದ್ದೀನರು.

“ನೀ ಹೇಳದಿದ್ದದ್ದ ಛಲೋ ಆತು” ಎಂದು ಗಂಗಪ್ಪನವರು ಗೆಳೆಯನ ಕೈ ಹಿಡಿದುಕೊಂಡರು. ಪೂರ್ವಾರ್ಧ ಉತ್ತರಾರ್ಧ ಎರಡೂ ಅವರಿಗೆ ಪೂರ್ತಿ ಹಿಡಿಸಿದ್ದವು. ಈ ಮಾತನ್ನು ಮಂಡಳಿಗೆ ತಿಳಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಗಂಗಪ್ಪನವರ ಮೇಲ್ಮನವಿ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದು ಬಹಳ ಚೆನ್ನಾಗಿ ಬರೆದ ಮೇಲ್ಮನವಿಯಾಗಿತ್ತು. ಮುಂದಿನ ಸಭೆಯಲ್ಲಿ ಅದನ್ನೇ ನಿಯಮವಾಗಿ ಅಂಗೀಕರಿಸಲಾಯಿತು. ವಾಚನಾಲಯದ ಸಮಸ್ತ ವಿಜ್ಞಾನ ಕಾದಂಬರಿಗಳನ್ನು ಎರಡಾಗಿ ವಿಭಜಿಸತಕ್ಕದ್ದು. ಪೂರ್ವಾರ್ಧ ಗತನಿಷ್ಠರಿಗೆ, ಉತ್ತರಾರ್ಧ ಭಾವಿನಿಷ್ಠರಿಗೆ. ಒಂದು ಅರ್ಧದವರು ಇನ್ನೊಂದು ಅರ್ಧದವರಿಗೆ ಕಥೆ ಹೇಳುವುದನ್ನು ಅಡ್ಡನಿರೂಪಣೆ ಎಂದು ಪರಿಗಣಿಸಿ ಸದಸ್ಯತ್ವ ರದ್ದು ಮಾಡತಕ್ಕದ್ದು. ಇದರಿಂದ ವಾಚನಾಲಯದ ವಿಜ್ಞಾನ ಕಾದಂಬರಿಗಳ ಸಂಖ್ಯೆ ಒಂದೇ ವಾರದಲ್ಲಿ ಇಮ್ಮಡಿಯಾಯಿತು. ಪುಸ್ತಕಗಳ ಸಂಖ್ಯೆ ನೋಡಿ ಅನುದಾನ ಕೊಡುವ ಪ್ರತಿಷ್ಠಾನ ಸಂಘವನ್ನು ಬಾಯಿತುಂಬ ಹೊಗಳಿ ಪತ್ರ ಬರೆಯಿತು, ಮತ್ತು ಅನುದಾನವನ್ನೂ ಇಮ್ಮಡಿ ಮಾಡಿತು.

ವಿಭಜಿಸುವ ಗುತ್ತಿಗೆಯನ್ನು ಬಹಿರಂಗ ಸ್ಪರ್ಧೆಯ ಮೂಲಕ ಅಧ್ಯಕ್ಷರ ಅಳಿಯ ಲೋಹಿತನಿಗೆ ಕೊಡಲಾಯಿತು. ಸ್ಪರ್ಧೆಗೆ ಅವನು ಒಬ್ಬನೇ ಬಂದಿದ್ದ; ಸ್ಪರ್ಧೆಯ ದಿನಾಂಕ ಉಳಿದವರಿಗೆ ಆಮೇಲೆ ತಿಳಿಯಿತು. ಅವನ ಹತ್ತಿರ ಮದುವೆ ಪತ್ರಿಕೆ ಕತ್ತರಿಸುವ ಯಂತ್ರ ಇತ್ತು. ಪುಸ್ತಕಗಳನ್ನು ಒಟ್ಟಿ, ನಟ್ಟನಡುವೆ ಒಂದೇ ಏಟಿಗೆ ಕತ್ತರಿಸಿ, ಮೇಲೆ ಬಣ್ಣದ ಕಾಗದ ಹಚ್ಚಿ ಕಳಿಸಿದ.

ಗೌಸಮೊದ್ದೀನರು ತಮ್ಮ ಪಾಲಿನ ಮೊದಲ ಪೂರ್ವಾರ್ಧವನ್ನು ಕೈಗೆ ತೆಗೆದುಕೊಂಡು ಬೆನ್ನು ಸವರಿ ನೋಡಿದರು. “ಹೊಲದಿಲ್ಲ ಗಂಗಪ್ಪಣ್ಣ. ಪಿನ್ ಹೊಡದಾನ” ಎಂದರು. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ ಅವರು ಅದನ್ನು ಹೇಳಿದರು.

ಹೀಗೆ ಗಂಗಪ್ಪನವರ ಜೀವನದಿಂದ ಕಾದಂಬರಿಗಳ ಆರಂಭ ಹೋಯಿತು, ಗೌಸಮೊದ್ದೀನರ ಜೀವನದಿಂದ ಅಂತ್ಯ ಹೋಯಿತು. ಹೇಳಬಾರದು ಎಂಬುದು ಇಷ್ಟು ದಿನ ಅವರೇ ಮಾಡಿಕೊಂಡ ನಿಯಮವಾಗಿತ್ತು. ಅದನ್ನು ಮಂಡಳಿ ಮಾಡಿದ ಮೇಲೆ ಇಬ್ಬರಿಗೂ ಹೇಳಬೇಕು ಅನಿಸತೊಡಗಿತು. ಒಂದು ದಿನಪತ್ರಿಕೆಯನ್ನು ಇಬ್ಬರೂ ಮುಖಕ್ಕೆ ಅಡ್ಡ ಹಿಡಿದು, ಅದರ ಹಿಂದೆ ಪಿಸುಗುಡುತ್ತ ಅವರು ಅಡ್ಡನಿರೂಪಣೆ ಶುರುಮಾಡಿದರು. ನಿಯಮ ಮುರಿದದ್ದು ಗಂಗಪ್ಪನವರಿಗೆ ಜೀವನದಲ್ಲಿ ಅದೇ ಮೊದಲು. ಅಂದು ಮನೆಗೆ ಹೋದಾಗ ಅಕ್ಕವ್ವ, “ಇವತ್ತ ಯಾಕ ಮುಖದ ಮ್ಯಾಲ ಹೊಳಪು ಬಂದೈತಿ?” ಎಂದು ಕೇಳಿದಳು.

“ಸಮುದ್ರದ ತಳದಾಗ ಒಂದು ಸಾಲಿ ಇರ್ತದ” ಎಂದು ಗೌಸಮೊದ್ದೀನರು ಒಂದು ಮಧ್ಯಾಹ್ನ ಹೊಸ ಕಾದಂಬರಿಯ ಆರಂಭ ಹೇಳಿದರು. “ಅಲ್ಲಿ ಕಬ್ಬಿಣದ ಮಾಸ್ತರ ಇರ್ತಾನ. ಹುಡುಗೂರೆಲ್ಲ ಊರಿಗೆ ಹೋಗಿಬಿಡ್ತಾರ, ಅವನೊಬ್ಬನ ಉಳೀತಾನ. ನಂದು ಅಲ್ಲಿಗೆ ಮುಗೀತು. ಆಮ್ಯಾಲೆ?”

ಗಂಗಪ್ಪನವರು ತಮ್ಮ ಉತ್ತರಾರ್ಧವನ್ನು ತಿರುಗಿಸಿ ಹೆಸರು ನೋಡಿದರು. ಅದೇ ಹೆಸರು, ಅದೇ ಬಣ್ಣದ ಕಾಗದ. ಆದರೆ ಅವರ ಪಾಲಿನಲ್ಲಿ ಸಮುದ್ರವೇ ಇರಲಿಲ್ಲ. “ನಂದರಾಗ ಮಂಗಳ ಗ್ರಹದಾಗ ಇರುವೆಗಳು ಚುನಾವಣಿ ನಡಸ್ತಾವ” ಎಂದರು ಮೆಲ್ಲಗೆ.

ಇಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ಲೋಹಿತ ಕತ್ತರಿಸುವಾಗ ಪುಸ್ತಕಗಳು ಕಲೆತುಹೋಗಿದ್ದವು. ಒಂದರ ತಲೆಗೆ ಇನ್ನೊಂದರ ಕಾಲು ಅಂಟಿತ್ತು. ಇಡೀ ಕಪಾಟು ಹಾಗೆಯೇ ಇತ್ತು. ಎರಡೂ ಅರ್ಧ ಓದುವ ಹಕ್ಕು ಯಾರಿಗೂ ಇಲ್ಲದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

“ದೂರು ಕೊಡೋಣೇನು?” ಎಂದರು ಗೌಸಮೊದ್ದೀನರು.

“ಕೊಟ್ರ, ಎರಡೂ ಅರ್ಧ ನಿಮಗ ಹೆಂಗ ಗೊತ್ತಾದ್ವು ಅಂತ ಕೇಳ್ತಾರ.”

ಬೇವಿನ ಹಣ್ಣೊಂದು ಪತ್ರಿಕೆಯ ಮೇಲೆ ಬಿತ್ತು. ಗೌಸಮೊದ್ದೀನರು ಅದನ್ನು ಕೊಡವಿ, “ಹಂಗಾರ ಕಬ್ಬಿಣದ ಮಾಸ್ತರ ಮಂಗಳಕ್ಕ ಹೆಂಗ ಹೋದ, ಹೇಳು ನೋಡೋಣ” ಎಂದರು.

ಗಂಗಪ್ಪನವರು ಸ್ವಲ್ಪ ಯೋಚಿಸಿ, “ಬದಲಿ ಆದೇಶ ಬಂದಿರ್ತದ” ಎಂದರು. “ಇರುವೆಗಳ ಚುನಾವಣಿ ಡ್ಯೂಟಿ.”

ಗೌಸಮೊದ್ದೀನರು ಪತ್ರಿಕೆ ಕೈಬಿಡುವಷ್ಟು ನಕ್ಕರು. ಎದುರಿಗೆ ನೀಲಾ ನಿಂತಿದ್ದಳು. ಅವಳು ಇವರಿಗೆ ಬೆನ್ನು ಮಾಡಿ, ಏನೂ ಕೇಳದವಳಂತೆ ಗಿಡದ ಎಲೆ ಎಣಿಸತೊಡಗಿದಳು. ಸ್ವಲ್ಪ ಹೊತ್ತಿಗೆ, “ಕಾಕಾರ, ಮಾಸ್ತರನ ಹುಡುಗೂರು ತಿರುಗಿ ಬರ್ತಾವೇನ್ರಿ?” ಎಂದು ಗಿಡವನ್ನೇ ಕೇಳಿದಳು.

ಆಮೇಲೆ ವಿಚಾರಿಸಿದರೆ, ಊರ ತುಂಬ ಹೀಗೆಯೇ ನಡೆದಿತ್ತು. ಒಬ್ಬರನ್ನೊಬ್ಬರು ಮಾತಾಡಿಸುವುದನ್ನು ಬಿಟ್ಟಿದ್ದ ಗತನಿಷ್ಠರೂ ಭಾವಿನಿಷ್ಠರೂ ಚಹಾದ ಅಂಗಡಿಯ ಹಿಂದೆ, ಚಿಗರಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಪಿಸುಗುಡುತ್ತಿದ್ದರು. ಅರ್ಧಗಳು ಒಂದಕ್ಕೊಂದು ಕೂಡದೆ ಯಾವ ಕಾದಂಬರಿಗೂ ನಡು ಇರಲಿಲ್ಲವಾಗಿ ಎಲ್ಲರೂ ತಮ್ಮತಮ್ಮ ನಡುವನ್ನು ತಾವೇ ಕಟ್ಟಿಕೊಂಡಿದ್ದರು.

ಒಂದು ಸಂಜೆ ಬೆಂಚಿನ ಆ ಬದಿಗೆ ಒಬ್ಬರು ಬಂದು ಕೂತು, ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದರು. “ಗಂಗಪ್ಪನವರ” ಎಂದಿತು ಪತ್ರಿಕೆ, “ನನ್ನ ಕಾರ್ಡಿನ ಮ್ಯಾಲೆ ಗತನಿಷ್ಠ ಅಂತ ಐತಿ, ನಿಮಗ ಗೊತ್ತದ. ಆ ಕಬ್ಬಿಣದ ಮಾಸ್ತರಂದು ಏನಾತ್ರಿ? ಮೂರು ದಿನಾತು, ನಿದ್ದಿ ಇಲ್ಲ.”

ದನಿ ಅಂಬರೀಷರದು. ಗಂಗಪ್ಪನವರು ಗೌಸಮೊದ್ದೀನರ ಮುಖ ನೋಡಿದರು. ಆಮೇಲೆ ಬದಲಿ ಆದೇಶದಿಂದ ಹಿಡಿದು ಇರುವೆಗಳ ಮತ ಎಣಿಕೆಯವರೆಗೆ ನಿಧಾನವಾಗಿ ಹೇಳಿದರು. ಪತ್ರಿಕೆ ಒಂದೆರಡು ಸಲ ತಲೆದೂಗಿತು.

“ಭಾಳ ಛಲೋ ಬರದಾನ್ರಿ” ಎಂದು ಕೊನೆಗೆ ಅಧ್ಯಕ್ಷರು ಎದ್ದು ಹೋದರು.

ಸಂಘದ ಅಂತಿಮ ವರದಿ ಆ ತಿಂಗಳೇ ಹೊರಬಿತ್ತು. ರಾಜಕೀಯ ಒಲವಿನ ಪ್ರಕಾರ ವಿಭಜಿಸಿದ ಮೇಲೆ ವಿಜ್ಞಾನ ಕಾದಂಬರಿಗಳ ಆಸ್ವಾದನೆ ಗಣನೀಯವಾಗಿ ಹೆಚ್ಚಿದೆ ಎಂದೂ, ಕಥೆ ಕವನಗಳಿಗೂ ಇದನ್ನು ವಿಸ್ತರಿಸಬಹುದೆಂದೂ ಅದರಲ್ಲಿ ಹೇಳಲಾಗಿತ್ತು. ವಾಚನಾಲಯದ ಬಾಗಿಲಲ್ಲಿ ಹೊಸ ಫಲಕ ಬಂತು: ‘ಕಾದಂಬರಿಗಳ ನಡುಭಾಗಕ್ಕೆ ಆಡಳಿತ ಮಂಡಳಿ ಹೊಣೆಯಲ್ಲ. ಓದುಗರು ತಮ್ಮ ವ್ಯವಸ್ಥೆ ತಾವೇ ಮಾಡಿಕೊಳ್ಳತಕ್ಕದ್ದು.’

ಗಂಗಪ್ಪನವರು ಅದನ್ನು ಎರಡು ಸಲ ಓದಿ, ಭಾಷೆ ಶುದ್ಧವಾಗಿದೆ ಎಂದು ತಲೆಯಾಡಿಸಿದರು. ಆಮೇಲೆ ಹಿಂಬದಿಗೆ ಹೋದರು. ಗೌಸಮೊದ್ದೀನರು ಬೆಂಚಿನ ಮೇಲೆ ಹೊಸ ಪೂರ್ವಾರ್ಧ ಇಟ್ಟುಕೊಂಡು, ಪಿನ್ನು ಕಿತ್ತು, ಸೂಜಿಗೆ ದಾರ ಪೋಣಿಸುತ್ತಿದ್ದರು.

“ಹೊಲದು ಏನ್ ಮಾಡ್ತಿ? ಹೆಂಗೂ ಮುಂದಿಂದು ಕೂಡೂದಿಲ್ಲ” ಎಂದರು ಗಂಗಪ್ಪನವರು.

“ಇರ್ಲಿ, ಕೂಡ್ರು” ಎಂದು ಗೌಸಮೊದ್ದೀನರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. “ನಡುವಿನ ಹಾಳಿ ಸೇರಸಾಕ ಒಂದೀಟು ಜಾಗಾ ಬಿಟ್ಟು ಹೊಲಿಯಾಕತ್ತೇನಿ.”